ನನ್ನ ಪಾಲಿನ ಜಾಡಿ

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಮನೆಯ ಮಹಡಿ ಮೆಟ್ಟಿಲ ಕೆಳಗೆ ಒಂದು ಜಾಡಿ ಇತ್ತು. ಉಪ್ಪಿನಕಾಯಿ ಹಾಕುವ ಪಿಂಗಾಣಿ ಜಾಡಿ, ಮೇಲರ್ಧ ಕಂದು, ಕೆಳಗರ್ಧ ಬಿಳಿ. ಕತ್ತಿನವರೆಗೂ ಒದ್ದೆ ಮರಳಿನಲ್ಲಿ ಹೂತಿತ್ತು. ಅದರೊಳಗೆ ಇದ್ದದ್ದು ಉಪ್ಪಿನಕಾಯಿಯಲ್ಲ, ವೈನು. ನಮ್ಮ ಕಡೆಯವರು ಇವತ್ತಿಗೂ ಈ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ದ್ರಾಕ್ಷಿ ರಸ ಅನ್ನುತ್ತಾರೆ, ಔಷಧಿ ಅನ್ನುತ್ತಾರೆ, ಹೆಚ್ಚು ಕೇಳಿದರೆ ಮಾತು ಬದಲಾಯಿಸಿ ಕಾಫಿ ಕುಡೀತೀರಾ ಅನ್ನುತ್ತಾರೆ. ನನಗೆ ಅಂಥ ನಾಚಿಕೆಯೇನೂ ಇಲ್ಲ. ದ್ರಾಕ್ಷಿ ಹಿಂಡಿ, ಹುಳಿ ಬರಿಸಿ, ವರ್ಷಗಟ್ಟಲೆ ಮುಚ್ಚಿಟ್ಟದ್ದಕ್ಕೆ ಇನ್ನೇನು ಹೆಸರಿಡಬೇಕು? ಅದು ವೈನು, ಅದು ನನ್ನದು, ಅದನ್ನು ನಾನು ಏನು ಮಾಡಿದೆ ಅಂತ ಹೇಳುವುದಕ್ಕೇ ಈಗ ಕೂತಿದ್ದೇನೆ.

ಅಮ್ಮನ ತವರು ನಂದಿಬೆಟ್ಟದ ತಪ್ಪಲಿನ ಒಂದು ಹಳ್ಳಿ. ತಾತನಿಗೆ ಎರಡು ದ್ರಾಕ್ಷಿ ತೋಟಗಳಿದ್ದವು. ಕೆಳಗಿನ ತೋಟ ಕೆರೆಯ ಹಿಂದೆ, ಒಳ್ಳೆಯ ಕೆಂಪು ಮಣ್ಣು. ಅಲ್ಲಿನ ಕಪ್ಪು ದ್ರಾಕ್ಷಿ ದಪ್ಪ, ಸಿಹಿ, ನೋಡಲು ಚೆಂದ. ಬಿದಿರು ಬುಟ್ಟಿಯಲ್ಲಿ ತುಂಬಿ ಬೆಂಗಳೂರಿನ ಮಾರುಕಟ್ಟೆಗೆ ಕಳಿಸಿದರೆ ಅರ್ಧ ದಿನದಲ್ಲಿ ಖಾಲಿ. ಮೇಲಿನ ತೋಟ ಬೆಟ್ಟದ ಅರ್ಧಕ್ಕೆ, ಬಂಡೆಗಳ ಸಂದಿಯಲ್ಲಿ. ಬೆಳಗ್ಗೆ ಹೊತ್ತೇರುವವರೆಗೂ ಅಲ್ಲಿ ಮಂಜು, ಸಂಜೆಯಾದರೆ ಮೈ ಕೊರೆಯುವ ಗಾಳಿ. ಬಳ್ಳಿಗಳು ಕುಳ್ಳಾಗಿ ನಿಂತು ಸಣ್ಣ ಸಣ್ಣ ಗೊಂಚಲು ಬಿಡುತ್ತಿದ್ದವು. ಹಣ್ಣು ತಡವಾಗಿ ಮಾಗುತ್ತಿತ್ತು, ಸಿಪ್ಪೆ ದಪ್ಪ, ಬೀಜ ದೊಡ್ಡದು, ಬಾಯಿಗಿಟ್ಟರೆ ಹುಳಿಗೂ ಒಗರಿಗೂ ಮುಖ ಕಿವುಚಬೇಕು. ಮಂಡಿಯವರು ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹಾಗಾಗಿ ಅದು ಮನೆಗೇ ಉಳಿಯುತ್ತಿತ್ತು.

ಮನೆಗೆ ಉಳಿದ ಆ ಹಣ್ಣಿನಿಂದಲೇ ಜಾಡಿ ತುಂಬುತ್ತಿದ್ದರು. ಅಮ್ಮನ ವಂಶದ ಪದ್ಧತಿ ಅದು. ಹುಡುಗಿ ದೊಡ್ಡವಳಾದ ವರ್ಷ ಅವಳ ಹೆಸರಲ್ಲಿ ಒಂದು ಜಾಡಿ ಹಾಕಬೇಕು. ಮೇಲಿನ ತೋಟದ್ದು ಎರಡು ಪಾಲು, ಕೆಳಗಿನ ತೋಟದ್ದು ಒಂದು ಪಾಲು. ಹಿತ್ತಾಳೆ ಪಾತ್ರೆ ಕೂಡದು, ಮಣ್ಣಿನ ಬಾನಿಯಲ್ಲೇ ಕೈಯಿಂದ ಕಿವುಚಬೇಕು. ಬಟ್ಟೆ ಕಟ್ಟಿ, ಬೆಳಗ್ಗೆ ಸಂಜೆ ಮರದ ಸೌಟಿನಲ್ಲಿ ಕೆದಕಬೇಕು. ನೊರೆ ಎದ್ದು, ಬುಸುಗುಟ್ಟಿ, ಸುಮ್ಮನಾದ ಮೇಲೆ ಸೋಸಿ ಜಾಡಿಗೆ ಸುರಿದು, ಗಾಳಿಯಾಡದ ಹಾಗೆ ಕಂಠಮಟ್ಟ ತುಂಬಿ, ಮುಚ್ಚಳದ ಸುತ್ತ ಜೇನುಮೇಣ ಮೆತ್ತಬೇಕು. ಮೇಲೊಂದು ಅರಿಶಿನದ ಬೊಟ್ಟು. ಹುಡುಗಿಗೆ ಮದುವೆಯಾಗಿ ಮೊದಲ ಮಗುವಾದಾಗ ಬಾಣಂತನದಲ್ಲಿ ಅದನ್ನು ತೆಗೆಯುವುದು. ಎಣ್ಣೆನೀರು ಹಾಕಿಸಿಕೊಂಡು ಬಂದ ಮೇಲೆ ದಿನಾ ಒಂದು ಪುಟ್ಟ ಲೋಟ, ಅವಳೊಬ್ಬಳಿಗೇ. ಅದಕ್ಕೇ ಅದನ್ನು ಬಾಣಂತಿ ಜಾಡಿ ಅನ್ನುತ್ತಿದ್ದರು.

ಚಿಕ್ಕವಳಿದ್ದಾಗ ನಾನೊಮ್ಮೆ ಅಮ್ಮನನ್ನು ಕೇಳಿದ್ದೆ, ಚೆನ್ನಾಗಿರೋ ಸಿಹಿ ಹಣ್ಣನ್ನೇ ಪೂರ್ತಿ ಹಾಕಬಾರದಾ ಅಂತ.

"ಸಿಹಿ ಒಂದೇ ಇದ್ರೆ ವರ್ಷ ತುಂಬೋದ್ರೊಳಗೆ ಕೆಟ್ಟುಹೋಗುತ್ತೆ ಕಣೇ" ಅಂದಿದ್ದಳು. "ಹುಳಿ, ಒಗರು ಜೊತೇಲಿದ್ರೆ ತಾನೆ ಕಾಲ ತಡೆಯೋದು? ಬೆಟ್ಟದ ಚಳಿ ತಿಂದ ಹಣ್ಣು ಅದು, ಅದಕ್ಕೆ ಗಟ್ಟಿ."

ಈ ಪದ್ಧತಿಗೆ ಇನ್ನೊಂದು ತುದಿಯೂ ಇತ್ತು. ಹುಡುಗಿಗೆ ಮೂವತ್ತು ತುಂಬಿದರೂ ಮದುವೆಯಾಗದಿದ್ದರೆ ಅವಳ ಜಾಡಿಯನ್ನು ಯಾವುದಾದರೂ ಫಲ ಬಿಡುವ ಮರದ ಬುಡಕ್ಕೆ ಸುರಿಯಬೇಕು. ಬೇರೆಯವರು ಕುಡಿಯುವಂತಿಲ್ಲ, ಆ ಹೆಣ್ಣಿನ ಆಸೆಯೆಲ್ಲ ಅವರ ಹೊಟ್ಟೆ ಸೇರಿ ಕಾಡುತ್ತದಂತೆ. ಅವಳೇ ಕುಡಿಯಬಹುದಲ್ಲ ಅಂತ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೇಳುವ ಧೈರ್ಯ ಯಾವ ಗಂಡಸಿಗೂ ಹೆಂಗಸಿಗೂ ಇರಲಿಲ್ಲ ಅನ್ನಿ.

ನಾವು ಇಬ್ಬರು ಹೆಣ್ಣುಮಕ್ಕಳು, ಅಕ್ಕ ಮತ್ತು ನಾನು. ಅಪ್ಪನಿಗೆ ಗುಮಾಸ್ತೆ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು ರಾಜಾಜಿನಗರದಲ್ಲಿ ಮನೆ ಕಟ್ಟಿಸಿದ ಮೇಲೂ ಅಮ್ಮ ಪದ್ಧತಿ ಬಿಡಲಿಲ್ಲ. ಅಕ್ಕನದಾಗಲಿ ನನ್ನದಾಗಲಿ, ಜಾಡಿ ತುಂಬಿದ್ದು ತಾತನ ಹಟ್ಟಿಯಲ್ಲೇ. ನನ್ನ ಜಾಡಿಯನ್ನು ಊರಿಂದ ಬಸ್ಸಿನಲ್ಲಿ ತಂದದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಎರಡು ಕೈಯಲ್ಲೂ ತಬ್ಬಿಕೊಳ್ಳುತ್ತಿದ್ದಳು. ಕಂಡಕ್ಟರು "ಏನಮ್ಮಾ ಅದು, ಮಗೂನಾ?" ಅಂತ ತಮಾಷೆ ಮಾಡಿದ. ಅಮ್ಮ ಮುಖ ಗಂಟಿಕ್ಕಿ "ಉಪ್ಪಿನಕಾಯಿ, ನಿನ್ ಕೆಲಸ ನೋಡ್ಕೋಪ್ಪ" ಅಂದಳು. ಪಕ್ಕದಲ್ಲಿ ಕೂತಿದ್ದ ನನಗೆ ಅವತ್ತು ಬಹಳ ಹೆಮ್ಮೆಯಾಗಿತ್ತು. ಇಷ್ಟು ಜೋಪಾನ ಮಾಡುವಂಥ ವಸ್ತು ಒಂದು ನನ್ನ ಹೆಸರಲ್ಲಿದೆಯಲ್ಲ ಅಂತ.

ಅಕ್ಕನಿಗೆ ಬೇಗ ಮದುವೆಯಾಯಿತು. ಬಾಣಂತನಕ್ಕೆ ಮನೆಗೆ ಬಂದಳು, ಅವಳ ಜಾಡಿ ತೆಗೆದರು. ಆ ದಿನಗಳಲ್ಲಿ ನಡುಮನೆ ತುಂಬ ಸಾಂಬ್ರಾಣಿ ಹೊಗೆ, ಸಬ್ಬಸಿಗೆ ಸೊಪ್ಪಿನ ವಾಸನೆ, ಅದರ ನಡುವೆ ಇನ್ನೊಂದು ವಾಸನೆ. ಒಣದ್ರಾಕ್ಷಿ, ಒದ್ದೆ ಮರ, ಮತ್ತೇನೋ. ಅಕ್ಕ ಸ್ನಾನ ಮುಗಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಕಂಬಳಿ ಹೊದ್ದು ಆ ಪುಟ್ಟ ಲೋಟ ಹಿಡಿದು ಕೂರುತ್ತಿದ್ದಳು. ಎರಡು ಗುಟುಕು ಒಳಗೆ ಹೋದರೆ ಕೆನ್ನೆ ಕೆಂಪಾಗುತ್ತಿತ್ತು. ಮದುವೆಯಾದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಅತ್ತೆ ಕೆಮ್ಮುವ ರೀತಿ, ಮಾವ ಹಲ್ಲು ಸೆಟ್ಟು ಹುಡುಕುವ ರೀತಿ ಎಲ್ಲ ಮಾಡಿ ತೋರಿಸಿ, ಹೊಲಿಗೆ ನೋಯುತ್ತದೆ ಅಂತ ಹೊಟ್ಟೆ ಹಿಡಿದುಕೊಂಡೇ ನಗುತ್ತಿದ್ದಳು. ಒಂದು ಗುಟುಕು ಕೊಡೇ ಅಂತ ನಾನು ಕೈಚಾಚಿದರೆ ಅಮ್ಮ ಕೈಗೆ ಪಟ್ಟನೆ ಹೊಡೆಯುತ್ತಿದ್ದಳು.

"ನಿಂದು ನಿಂಗಿದೆಯಲ್ಲೇ. ಅವಳದ್ದಕ್ಕೆ ಯಾಕೆ ಆಸೆ ಪಡ್ತೀಯ?"

ಸರಿ, ಕಾದೆ. ಡಿಗ್ರಿ ಮುಗಿಸಿದೆ, ಟೈಪಿಂಗ್ ಕಲಿತೆ. ಮನೆಯಿಂದ ಬಸ್ಸಿನಲ್ಲಿ ಮೂರು ಸ್ಟಾಪು ದೂರದಲ್ಲಿದ್ದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಹೆಣ್ಣು ನೋಡಲು ಬಂದವರು ಬರುತ್ತಲೇ ಇದ್ದರು, ಹೋಗುತ್ತಲೇ ಇದ್ದರು. ಒಬ್ಬರಿಗೆ ನನ್ನ ಬಣ್ಣ ಕಡಿಮೆಯಾಯಿತು, ಇನ್ನೊಬ್ಬರಿಗೆ ನನ್ನ ಮಾತು ಜಾಸ್ತಿಯಾಯಿತು. ಒಬ್ಬ ಮಹಾರಾಯ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ತಿಂದು, ಹುಡುಗಿ ಕನ್ನಡಕ ಹಾಕ್ತಾಳೆ ಅಂತ ಬೇಡ ಅಂದ. ಪಕ್ಕದ ಮನೆಯ ಮಾಮಿ ಪ್ರತಿ ಸಲವೂ ಕಾಂಪೌಂಡಿನ ಮೇಲೆ ಕತ್ತು ಹಾಕಿ "ಏನಾಯ್ತಮ್ಮಾ?" ಅಂತ ಕೇಳುತ್ತಿದ್ದರು. ನಾನು "ಉಪ್ಪಿಟ್ಟು ಚೆನ್ನಾಗಿತ್ತಂತೆ ಮಾಮಿ" ಅನ್ನುತ್ತಿದ್ದೆ. ಒಳಗೆ ಅವಮಾನ ಆಗುತ್ತಿರಲಿಲ್ಲ ಅಂತಲ್ಲ. ಆಗುತ್ತಿತ್ತು, ಚೆನ್ನಾಗಿಯೇ ಆಗುತ್ತಿತ್ತು. ಆದರೆ ಅದನ್ನು ಕಾಂಪೌಂಡಿನ ಮೇಲೆ ಒಣಗಿಸುವುದು ನನಗೆ ಬೇಕಿರಲಿಲ್ಲ.

ಹಾಗೆ ಬಂದವರಲ್ಲಿ ವಿಜಯನಗರದ ಒಂದು ಮನೆಯವರು ಒಪ್ಪಿದರು. ಹುಡುಗ ಇಂಜಿನಿಯರು, ಎತ್ತರ, ಮಾತು ಮೆದು. ಅವನ ತಾಯಿ ಕೂತಲ್ಲಿಂದಲೇ ನಮ್ಮ ಮನೆಯ ಸೂರು, ನೆಲ, ಕಿಟಕಿ ಎಲ್ಲ ಅಳೆದರು. ಕಾಫಿ ಆಯಿತು, ಎಲೆಅಡಿಕೆ ಆಯಿತು. ಕೈತೊಳೆಯಲು ಹಿತ್ತಲ ಕಡೆ ಹೊರಟ ಆ ತಾಯಿಗೆ ಮೆಟ್ಟಿಲ ಕೆಳಗೆ ಮರಳಲ್ಲಿ ಕತ್ತು ಚಾಚಿ ಕೂತಿದ್ದ ಜಾಡಿ ಕಾಣಿಸಿತು, ಅದರ ಮೇಲಿನ ಅರಿಶಿನವೂ ಕಾಣಿಸಿತು.

"ಏನು ದೇವರಾ ಇದು?" ಅಂತ ಕೇಳಿದರು.

ಅಮ್ಮನಿಗೆ ಸುಳ್ಳು ಹೇಳಬೇಕು ಅನ್ನಿಸಲೇ ಇಲ್ಲ. ಬಸ್ಸಿನ ಕಂಡಕ್ಟರಿಗೆ ಉಪ್ಪಿನಕಾಯಿ ಅಂದವಳು, ಬೀಗಿತಿಯಾಗುವವರ ಹತ್ತಿರ ಯಾಕೆ ಮುಚ್ಚುಮರೆ ಅಂದುಕೊಂಡಳೋ ಏನೋ. ನಿಮ್ಮ ಮೊಮ್ಮಗು ಹುಟ್ಟಿದಾಗ ತೆಗೆಯೋದು ಅಂತ ಖುಷಿಯಿಂದ ಪೂರ್ತಿ ವಿವರಿಸಿಬಿಟ್ಟಳು. ಮೇಲಿನ ತೋಟ, ಕೆಳಗಿನ ತೋಟ, ಮೇಣ, ಮರಳು, ಯಾವುದನ್ನೂ ಬಿಡಲಿಲ್ಲ.

ಆ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮೇಣ ಹಾಕಿ ಬಿಗಿದ ಜಾಡಿಯಿಂದ ಏನು ವಾಸನೆ ಬಂತೋ ಆ ದೇವರೇ ಬಲ್ಲ. "ಶಿವ ಶಿವಾ, ಹೆಣ್ಣುಮಕ್ಕಳಿರೋ ಮನೇಲಿ ಹೆಂಡ ಇಟ್ಕೊಂಡಿದೀರಲ್ಲಾ!" ಅಂದರು. ಅಮ್ಮನ ಮುಖ ಬಿಳಿಚಿಕೊಂಡಿತು. ಅವಳ ಅಮ್ಮ, ಅಜ್ಜಿ, ಮುತ್ತಜ್ಜಿ ಎಲ್ಲರೂ ಕುಡಿದು ಎದ್ದುನಿಂತ ವಸ್ತುವಿಗೆ ಅವತ್ತಿನವರೆಗೂ ಯಾರೂ ಆ ಮಾತು ಅಂದಿರಲಿಲ್ಲ. ಅಮ್ಮನ ಮುಖ ಹಾಗೆ ಬಿಳಿಚಿಸಿದ್ದಕ್ಕೆ ಆ ಹೆಂಗಸನ್ನು ನಾನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಮಾರನೆಯ ದಿನ ದಲ್ಲಾಳಿಯ ಮೂಲಕ ಮಾತು ಬಂತು. ಹುಡುಗಿ ಒಪ್ಪಿಗೆ. ವರದಕ್ಷಿಣೆ ಬೇಡ. ಆ ಜಾಡಿಯನ್ನು ಮಾತ್ರ ಚರಂಡಿಗೆ ಸುರಿದು, ಮನೆಗೆ ಪುಣ್ಯಾಹ ಮಾಡಿಸಬೇಕು. ಅಷ್ಟಾದರೆ ಮುಂದಿನ ಶ್ರಾವಣದಲ್ಲೇ ಮದುವೆ.

ಅಪ್ಪನಿಗೆ ಹೋದ ಜೀವ ಬಂತು. ನಮ್ಮಪ್ಪ ಕೆಟ್ಟವರಲ್ಲ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾತಿ. "ಅಷ್ಟೇ ತಾನೆ? ಹಳೇ ರಸ, ಕೆಟ್ಟೂ ಹೋಗಿರಬಹುದು. ಸುರಿದ್ಬಿಡೋಣ ಕಣಮ್ಮ" ಅಂದರು. ಅಕ್ಕಿ ಆರಿಸುತ್ತ ಕೂತಿದ್ದ ಅಮ್ಮ ಒಳ್ಳೆ ಅಕ್ಕಿಯನ್ನೇ ಆರಿಸಿ ಆರಿಸಿ ಎಸೆಯುತ್ತಿದ್ದಳು.

ಯೋಚನೆ ಮಾಡಿ ಹೇಳ್ತೀನಿ ಅಂದೆ. ನಿಜ ಹೇಳಬೇಕೆಂದರೆ ನಾನೂ ಅಲ್ಲಾಡಿದ್ದೆ. ಹುಡುಗ ಕಣ್ಣಿಗೆ ಹಿಡಿಸಿದ್ದ. ಉಪ್ಪಿಟ್ಟು ಮಾಡಿ ಮಾಡಿ ನನಗೂ ಸಾಕಾಗಿತ್ತು. ಒಂದು ಜಾಡಿ ರಸಕ್ಕೋಸ್ಕರ ಜೀವನ ಹಾಳುಮಾಡಿಕೊಳ್ಳೋದಾ ಅಂತ ನನ್ನನ್ನೇ ನಾನು ಬೈದುಕೊಂಡೆ.

ಆ ವಾರವೇ ಹುಡುಗ ಆಫೀಸಿನ ಹತ್ತಿರ ಬಂದ. ಬಸ್ ಸ್ಟಾಪಿನ ಪಕ್ಕದ ಹೊಂಗೆಮರದ ಕೆಳಗೆ ನಿಂತು, ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಮಾತಾಡಿದ.

"ನೋಡಿ, ನಮ್ಮಮ್ಮ ಸ್ವಲ್ಪ ಮಡಿ. ಅವ್ರ ಸಮಾಧಾನಕ್ಕೆ ಸುರಿದ್ಬಿಡಿ. ನನಗೇನೂ ಅಭ್ಯಂತರ ಇಲ್ಲ. ನಾನೇ ಶನಿವಾರ ಫ್ರೆಂಡ್ಸ್ ಜೊತೆ ಎರಡು ಪೆಗ್ ತಗೋತೀನಿ."

"ನಿಮ್ಮಮ್ಮನಿಗೆ ಗೊತ್ತಾ?"

"ಗೊತ್ತು. ಗೊತ್ತಿಲ್ಲದ ಹಾಗೆ ಇರ್ತಾರೆ. ಗಂಡಸ್ರು ವಿಷಯ ಬೇರೆ ಅಲ್ವಾ?" ಅಂತ ನಕ್ಕ.

ಅವನ ನಗುವಿನಲ್ಲಿ ಕೆಟ್ಟತನ ಇರಲಿಲ್ಲ. ಅದಕ್ಕೇ ನನಗೆ ಮೈ ಉರಿದದ್ದು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅನ್ನುತ್ತಾರಲ್ಲ, ಇವನು ಗಾಳ ಇಕ್ಕಿರುವುದು ಇವನಿಗೇ ಗೊತ್ತಿಲ್ಲ. ಮಗ ಹೊರಗೆ ಕುಡಿದು ಬಂದರೆ ಆ ಮನೆಗೆ ಪುಣ್ಯಾಹ ಬೇಡ. ಹೆತ್ತು ಸುಸ್ತಾದ ಹೆಂಗಸು ಒಂದು ಪುಟ್ಟ ಲೋಟ ಕುಡಿದರೆ ನಮ್ಮ ಮನೆಗೆ ಪುಣ್ಯಾಹ ಬೇಕು. ಇನ್ನು ಆ ಮನೆಯಲ್ಲಿ ನನ್ನ ಬಾಯಿಗೆ, ನನ್ನ ನಗುವಿಗೆ ಏನೇನು ಪುಣ್ಯಾಹ ಮಾಡಿಸುತ್ತಾರೋ!

"ಹೌದು, ವಿಷಯ ಬೇರೆ. ನಿಮ್ಮಮ್ಮನಿಗೆ ಹೇಳಿ, ಜಾಡಿ ಇರುತ್ತೆ. ನಾನು ಬರಲ್ಲ" ಅಂದೆ. ಅವನು ಕರ್ಚೀಫು ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ನಾನು ಬಸ್ಸಿಗೂ ಕಾಯಲಿಲ್ಲ, ನಡೆದೇ ಮನೆಗೆ ಬಂದೆ.

ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಅಪ್ಪ ಊಟ ಬಿಟ್ಟರು. ಅಕ್ಕ ಗಂಡನ ಮನೆಯಿಂದ ಓಡಿಬಂದು "ಹುಚ್ಚುಗಿಚ್ಚು ಹಿಡಿದಿದೆಯೇನೇ?" ಅಂದಳು. "ನಿನ್ ಜಾಡಿ ಕುಡಿದು ಮುಗಿಸಿದೀಯಲ್ಲ, ನಿಂಗೇನು?" ಅಂತ ಬಾಯಿ ಮುಚ್ಚಿಸಿದೆ. ಪಾಪ, ಅವಳು ಅತ್ತಳು. ಅಮ್ಮ ಮಾತ್ರ ಅವತ್ತು ಸಂಜೆ ಒಂದು ಚೊಂಬು ನೀರು ತಂದು ಜಾಡಿಯ ಸುತ್ತಲಿನ ಮರಳಿಗೆ ಚಿಮುಕಿಸಿದಳು. ಬೇಸಿಗೆಯಲ್ಲಿ ಹಾಗೆ ಮರಳು ತಂಪಾಗಿಡಬೇಕು. ಅದನ್ನು ನೋಡಿದ ಮೇಲೆ ನನಗೆ ಇನ್ಯಾರ ಒಪ್ಪಿಗೆಯೂ ಬೇಕೆನಿಸಲಿಲ್ಲ.

ಸುದ್ದಿ ಹೇಗೋ ಬೀದಿಗೆ ಬಿತ್ತು. ಕುಡುಕಿ ಅನ್ನುವ ಹೆಸರು ಬಂತು ನನಗೆ, ಒಂದು ಗುಟುಕೂ ಕುಡಿಯದವಳಿಗೆ! ಸೀಮೆಎಣ್ಣೆ ಕ್ಯೂನಲ್ಲಿ ನಿಂತರೆ ಹೆಂಗಸರು ಗುಸುಗುಸು ಅನ್ನುತ್ತಿದ್ದರು. ನಾನು ಡಬ್ಬ ಕೆಳಗಿಟ್ಟು "ಜೋರಾಗಿ ಹೇಳಿ ಆಂಟಿ, ಹಿಂದಿನವರಿಗೂ ಕೇಳಿಸಲಿ" ಅನ್ನುತ್ತಿದ್ದೆ. ಆಮೇಲೆ ನನ್ನ ಮುಂದೆ ಯಾರೂ ಮಾತಾಡುತ್ತಿರಲಿಲ್ಲ. ಹೆಣ್ಣು ನೋಡಲು ಬರುವವರೂ ನಿಂತುಹೋದರು. ನಾನು ಕೆಲಸಕ್ಕೆ ಹೋದೆ, ಬಂದೆ. ನನ್ನ ದುಡ್ಡಲ್ಲಿ ಮನೆಗೆ ಒಂದು ರೇಡಿಯೋ ತಂದೆ, ಅಮ್ಮನಿಗೆ ಗ್ಯಾಸ್ ಒಲೆ ತಂದೆ. ಹೀಗೇ ಮೂವತ್ತೂ ತುಂಬಿತು.

ಜಾಡಿ ಸುರಿಯುವ ಶಾಸ್ತ್ರ ಮೂವತ್ತು ತುಂಬಿದ ಮೇಲಿನ ಮೊದಲ ಭಾನುವಾರ. ಅದರ ಹಿಂದಿನ ದಿನ ಊರಿಂದ ಚಿಕ್ಕಮ್ಮ ಬಂದಳು.

ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ. ಹುಡುಗಿಯಾಗಿದ್ದಾಗ ಅವಳಿಗೆ ಮದುವೆ ಗೊತ್ತಾಗಿ, ಚಪ್ಪರ ಹಾಕುವ ವಾರದಲ್ಲಿ ಹುಡುಗ ಹಾವು ಕಡಿದು ತೀರಿಕೊಂಡಿದ್ದ. ತಾಳಿ ಕಟ್ಟಿಸಿಕೊಳ್ಳದಿದ್ದರೂ ಊರು ಅವಳಿಗೆ ಕೆಟ್ಟ ಕಾಲ್ಗುಣದವಳು ಅಂತ ಹೆಸರಿಟ್ಟಿತು, ಮತ್ಯಾರೂ ಮುಂದೆ ಬರಲಿಲ್ಲ. ತವರಲ್ಲೇ ಉಳಿದಳು. ತಾತ ಹೋದ ಮೇಲೆ ಎರಡೂ ತೋಟ ಅವಳೇ ನೋಡಿಕೊಂಡಳು. ಬಿಸಿಲಿಗೆ ಕಪ್ಪಾಗಿ, ಸಣಕಲಾಗಿ, ಕಚ್ಚೆ ಬಿಗಿದು, ಗಂಡಾಳುಗಳನ್ನು ಬೈದು ಕೆಲಸ ತೆಗೆಯುವ ಹೆಂಗಸು. ಪದ್ಧತಿ ಅಂದರೆ ಅವಳಿಗೆ ಪ್ರಾಣ. ಅವಳ ಜಾಡಿಯನ್ನು ಮೂವತ್ತಕ್ಕೆ ಹಟ್ಟಿಯ ಹಲಸಿನ ಮರದ ಬುಡಕ್ಕೆ ಸುರಿದಿದ್ದರು. ಆ ಮರದ ಹಣ್ಣನ್ನು ಅವಳು ತಿನ್ನುತ್ತಿರಲಿಲ್ಲ. ಯಾಕೆ ಅಂತ ನಾನು ಚಿಕ್ಕವಳಿದ್ದಾಗ ಕೇಳಿದರೆ, ಹಲಸು ತಿಂದ್ರೆ ಹೊಟ್ಟೆನೋವು ಅನ್ನುತ್ತಿದ್ದಳು.

ಚಿಕ್ಕಮ್ಮ ಬಂದವಳೇ ಹಿತ್ತಲಿಗೆ ಹೋಗಿ ನಮ್ಮ ತೆಂಗಿನ ಮರ ನೋಡಿದಳು. "ಇದಕ್ಕೇ ಆಗ್ತದೆ ಬಿಡು" ಅಂದು, ಗುದ್ದಲಿ ಕೇಳಿ, ಬುಡದ ಸುತ್ತ ಪಾತಿ ತೆಗೆಯತೊಡಗಿದಳು. ಕಾಫಿ ಕೂಡ ಕುಡಿದಿರಲಿಲ್ಲ.

"ಚಿಕ್ಕಮ್ಮ, ಅದನ್ನ ಸುರಿಯಲ್ಲ" ಅಂದೆ.

"ಸುರೀದೆ ಏನ್ಮಾಡ್ತೀಯ, ಉಪ್ಪಾಕ್ತೀಯ?" ಗುದ್ದಲಿ ನಿಲ್ಲಲಿಲ್ಲ.

"ನಾನು ಕುಡೀತೀನಿ."

ಗುದ್ದಲಿ ನಿಂತಿತು. ಚಿಕ್ಕಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಬೈಯಲಿಲ್ಲ, ತುಂಬ ಮೆತ್ತಗೆ ಮಾತಾಡಿದಳು. ಅದೇ ಕಷ್ಟವಾಯಿತು ನನಗೆ.

"ಕೇಳು ಮಗಳೇ. ಜಾಡಿ ಇರೋಗಂಟ ಆಸೆ ಇರ್ತದೆ. ದಿನಾ ಓಡಾಡ್ತ ಅದನ್ನೇ ನೋಡ್ತಿರ್ತೀಯ. ಸುರಿದ್ಬಿಟ್ರೆ ಒಂದ್ಸಲ ಉರೀತದೆ, ಆಮೇಲೆ ಹಗುರ. ನಾನಿಲ್ವಾ? ನಂಗೇನಾಗಿದೆ?"

"ನಿಂಗೆ ಹಗುರ ಆಯ್ತಾ ಚಿಕ್ಕಮ್ಮ?"

ಅವಳು ಮತ್ತೆ ಗುದ್ದಲಿ ಎತ್ತಿದಳು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಹಿರಿಯರು ಮಾಡಿದ್ದಕ್ಕೂ ಒಂದು ಅರ್ಥ ಇರುತ್ತೆ, ಹಾಗಂತ ಕಾಲವೂ ಬದಲಾಗಿದೆ" ಅಂತ ಎರಡೂ ಕಡೆಗೆ ಒಂದೊಂದು ಮಾತು ಹಾಕಿ ಮಜ್ಜಿಗೆ ಕುಡಿದು ಎದ್ದರು. ಅಮ್ಮನ ಮುಖ ನೋಡಿದೆ. ಅವಳು ತಂಗಿಯ ತಟ್ಟೆಗೆ ತುಪ್ಪ ಹಾಕುತ್ತಿದ್ದಳು.

ಭಾನುವಾರ ಬೆಳಗ್ಗೆ ನಾನೇ ಮೊದಲು ಸ್ನಾನ ಮಾಡಿದೆ. ಎಣ್ಣೆನೀರು ಹಾಕಿಕೊಂಡೆ, ಬೇಕೆಂದೇ. ಬಾಣಂತಿಗೆ ಹಾಕುವ ಹಾಗೆ ತಲೆಗೆ ಹರಳೆಣ್ಣೆ ತಟ್ಟಿಕೊಂಡು ಬಿಸಿಬಿಸಿ ನೀರು ಹುಯ್ದುಕೊಂಡೆ. ತಲೆಗೆ ಬಟ್ಟೆ ಕಟ್ಟಿ, ಮೆಟ್ಟಿಲ ಕೆಳಗೆ ಕೂತು ಕೈಯಿಂದ ಮರಳು ಬಗೆದು ಜಾಡಿ ಎತ್ತಿದೆ. ಎಷ್ಟು ಭಾರ ಇತ್ತು ಅಂತೀರಿ! ಎದೆಗೊತ್ತಿಕೊಂಡು ನಡುಮನೆ ದಾಟಿ, ಮುಂದಿನ ಜಗಲಿಗೆ ತಂದಿಟ್ಟೆ. ಹಿತ್ತಲಲ್ಲಿ ಪಾತಿ ಮುಂದೆ ಕಾಯುತ್ತ ನಿಂತಿದ್ದ ಚಿಕ್ಕಮ್ಮ ಮನೆಯೊಳಗಿಂದ ಓಡಿಬಂದಳು.

"ಅಲ್ಲಿ ಯಾಕೆ? ಬೀದಿಗೆ ಕಾಣ್ತದೆ!"

"ಕಾಣ್ಲಿ ಅಂತಾನೇ."

ಅಪ್ಪ ಕಿಟಕಿಯಿಂದ "ಅಕ್ಕಪಕ್ಕದವರು ನೋಡ್ತಾರೆ ಕಣಮ್ಮ, ಒಳಗಾದ್ರೂ ಇಟ್ಕೊ" ಅಂದರು. ಆಗಲೇ ಕಾಂಪೌಂಡಿನ ಮೇಲೆ ಮಾಮಿಯ ಕತ್ತು ಬಂದಾಗಿತ್ತು. ಎದುರುಮನೆಯ ಪೇಪರು ಓದುವವರು ಪೇಪರು ಕೆಳಗಿಳಿಸಿದ್ದರು. ಇಷ್ಟು ವರ್ಷ ಕುಡುಕಿ ಅಂದರಲ್ಲ, ಒಂದು ದಿನವಾದರೂ ಅವರ ಮಾತು ನಿಜವಾಗಲಿ ಅಂದುಕೊಂಡೆ. ತೆಂಗಿನಕಾಯಿ ಸುಲಿಯುವ ಕತ್ತಿಯ ತುದಿಯಿಂದ ಮೇಣ ಎಬ್ಬಿಸಿದೆ. ಗಟ್ಟಿಯಾಗಿ ಹೋಗಿತ್ತು, ಚೂರು ಚೂರಾಗಿ ಎದ್ದು ಬಂತು. ಮುಚ್ಚಳ ಕಿತ್ತಾಗ ಅಕ್ಕನ ಬಾಣಂತನದ ವಾಸನೆ ಬಂತು. ಈ ಸಲ ಅದು ನನ್ನದಾಗಿತ್ತು.

ಕಾಫಿ ಲೋಟಕ್ಕೆ ಬಗ್ಗಿಸಿದೆ. ತುಂಬಿದಾಗ ನೇರಳೆ ಬಣ್ಣ ಇತ್ತು ಅಂತ ನೆನಪು. ಈಗ ಅಂಚಿನಲ್ಲಿ ಇಟ್ಟಿಗೆ ಬಣ್ಣ, ನಡುವೆ ಕಪ್ಪುಗೆಂಪು. ಕುಡಿದೆ. ಮೊದಲು ಹುಳಿ ಬಂತು, ಆದರೆ ಮುಖ ಕಿವುಚುವ ಹುಳಿಯಲ್ಲ, ಬಾಯಿ ತೊಳೆದ ಹಾಗಿನ ಹುಳಿ. ಹಿಂದೆಯೇ ಒಣದ್ರಾಕ್ಷಿ, ಸುಟ್ಟ ಬೆಲ್ಲ, ಮಳೆ ಬಿದ್ದ ಬಂಡೆ. ಕಡೆಗೆ ನಾಲಗೆಯ ಅಂಚಿನಲ್ಲಿ ಆ ಮೇಲಿನ ತೋಟದ ಒಗರು, ಹೋಗಲೊಲ್ಲದೆ ನಿಂತುಕೊಂಡಿತು. ಗಂಟಲಿಂದ ಇಳಿದು ಎದೆ, ಹೊಟ್ಟೆ, ಕಾಲಿನ ಬೆರಳವರೆಗೂ ಬೆಚ್ಚಗಾಯಿತು. ಕೆಟ್ಟಿರಲಿಲ್ಲ! ಇಷ್ಟು ವರ್ಷ ಮರಳಲ್ಲಿ ಹೂತಿದ್ದರೂ ಒಂದಿಷ್ಟೂ ಕೆಟ್ಟಿರಲಿಲ್ಲ. ನನಗೆ ಅಳು ಬಂತು, ಜೊತೆಗೆ ನಗುವೂ ಬಂತು. ಮಾಮಿ ನೋಡುತ್ತಿದ್ದರು ಅಂತ ನಗುವನ್ನೇ ಆರಿಸಿಕೊಂಡೆ.

"ಬರ್ತೀರಾ ಮಾಮಿ? ಒಂದು ಲೋಟ?" ಅಂದೆ. ಮಾಮಿಯ ಕತ್ತು ಮಾಯವಾಯಿತು.

ಅಮ್ಮ ಒಳಗಿನಿಂದ ಬಂದು ನನ್ನ ಪಕ್ಕ ಜಗಲಿಯ ಮೇಲೆ ಕೂತಳು, ಬೀದಿಗೆ ಮುಖ ಮಾಡಿ. ಕೈಚಾಚಿದಳು. ಒಂದು ಗುಟುಕು ಕುಡಿದು, ಬಾಯಲ್ಲಿ ಆಡಿಸಿ, ನುಂಗಿ, "ಸರಿಯಾಗಿದೆ" ಅಂದಳು. ಅಷ್ಟೇ.

ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಾಲಲ್ಲಿ ಪಾತಿಯ ಮಣ್ಣು ಹಾಗೇ ಇತ್ತು. ಇನ್ನೊಂದು ಲೋಟ ತುಂಬಿ ಅವಳ ಮುಂದೆ ಹಿಡಿದೆ.

"ಬ್ಯಾಡ. ಬಾಣಂತೀದು ಅದು. ಬೇರೆಯೋರು ಕುಡೀಬಾರ್ದು, ಆಸೆ ಅಂಟ್ಕೊತದೆ."

"ಅಂಟ್ಕೊಳ್ಳಿ ಬಿಡು. ಇದು ನಂದು ಚಿಕ್ಕಮ್ಮ, ನಾನು ಕೊಡ್ತಾ ಇದೀನಿ. ನಿಂದನ್ನ ಸುರಿಯೋವಾಗ ನಿನ್ನ ಯಾರಾದ್ರೂ ಕೇಳಿದ್ರಾ?"

ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಲೋಟ ತೆಗೆದುಕೊಂಡಳು. ಆ ದ್ರಾಕ್ಷಿಯ ಬಳ್ಳಿಗೆ ಜೀವಮಾನವೆಲ್ಲ ನೀರು ಹುಯ್ದವಳು, ಅದರ ಹಣ್ಣು ಕೊಯ್ದು ವಂಶದ ಹುಡುಗಿಯರಿಗೆಲ್ಲ ಜಾಡಿ ತುಂಬಿಕೊಟ್ಟವಳು. ನಿಂತೇ ಕುಡಿದಳು, ಒಂದೇ ಎತ್ತಿಗೆ. ಕಣ್ಣು ಮುಚ್ಚಿಕೊಂಡಳು. ಬಾಗಿಲಿಗೆ ಒರಗಿ ಹಾಗೇ ಕೆಳಗೆ ಕುಸಿದು ಹೊಸಿಲ ಮೇಲೆ ಕೂತಳು. ಹೊಸಿಲ ಮೇಲೆ ಕೂರಬಾರದು ಅಂತ ನಮಗೆಲ್ಲ ಹೇಳಿಕೊಟ್ಟವಳೇ ಅವಳು.

"ಅಕ್ಕಾ" ಅಂದಳು, ಕಣ್ಣು ಬಿಡದೆ. "ನಂದೂ ಹಿಂಗೇ ಇತ್ತೇನೇ?"

ಅಮ್ಮ ತಿರುಗಿ ನೋಡಲಿಲ್ಲ. ಬೀದಿಯನ್ನೇ ನೋಡುತ್ತ ಹೇಳಿದಳು.

"ಇದಕ್ಕಿಂತ ಚೆನ್ನಾಗಿತ್ತು ಕಣೇ. ಆ ವರ್ಷ ಮಳೆ ಕಡಿಮೆ, ಮೇಲಿನ ತೋಟದ ಹಣ್ಣು ಕಾಳಿನಷ್ಟೇ ಇತ್ತು. ಸುರಿಯೋವಾಗ ನಾನು ಯಾರಿಗೂ ಕಾಣದ ಹಾಗೆ ಬೆರಳದ್ದಿ ನೆಕ್ಕಿದ್ದೆ. ಇವತ್ತಿಗೂ ಬಾಯಲ್ಲಿದೆ."

ಚಿಕ್ಕಮ್ಮ ಕಣ್ಣುಬಿಟ್ಟಳು. ಬೈಗುಳ ಬರುತ್ತದೆ, ಅಳು ಬರುತ್ತದೆ ಅಂದುಕೊಂಡೆ ನಾನು. ಅವಳು ಅಮ್ಮನ ಬೆನ್ನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಲೋಟವನ್ನು ನನ್ನ ಕಡೆಗೆ ಚಾಚಿದಳು.

"ಹಾಕೇ" ಅಂದಳು. "ತುಂಬ ಹಾಕು."